ಪದಚರ್ಚೆ: ಮಕ್ಕಳಿದ್ದೂ ಜಮೀನು ಸರ್ಕಾರಕ್ಕೆ ಹೋದ್ರೆ ಅದಕ್ಕೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದಕ್ಕೆ ಸಿಕ್ಕಾಕೊಂಡು ಒದ್ದಾಡ್ತಿದೀನಿ, ಡಿಕ್ಷನರಿ ನೋಡ್ದಷ್ಟೂ ಗೊಂದಲ ಜಾಸ್ತಿ ಆಗ್ತಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಕಥೆ ಹೇಳ್ದೆ ಪದ ಕೇಳಿದ್ರೆ ನೀವು ಕೊಡೋ ಉತ್ತರ ನನಗೆ ಉಪಯೋಗಕ್ಕೆ ಬರಲ್ಲ.

ನಮ್ಮ ಓದುಬಳಗಕ್ಕೆ ಅಂತ ಆಂಟನಿ ಜಾನ್ಸನ್ ಮನೆತನದ ಬಗ್ಗೆ ಬರೀತಿದೀನಿ. ಆಫ್ರಿಕಾದಿಂದ ಬಂದವನು, 1621ರಲ್ಲಿ ಜೇಮ್ಸ್ ಅನ್ನೋ ಹಡಗಲ್ಲಿ, ಅಮೆರಿಕದಲ್ಲಿ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾಕ್ಕೆ ಬಂದಿಳಿದ. ಆಗಿನ ಪಟ್ಟಿಯಲ್ಲಿ 'ಆಂಟೋನಿಯೋ, ನೀಗ್ರೋ' ಅಂತ ಇದೆ ಅಷ್ಟೇ, ಅಪ್ಪನ ಹೆಸರಿಲ್ಲ ಊರಿಲ್ಲ. ಮುಂದಿನ ವರ್ಷ ಬಂದ ಮೇರಿ ಅನ್ನೋಳು ಅವನ ಹೆಂಡತಿ ಆದ್ಲು. ಇಂಥವರ ವಂಶ ಹುಡುಕೋಕೆ ಹೊರಟ್ರೆ ಜನನ ದಾಖಲೆ ಮದುವೆ ದಾಖಲೆ ಏನೂ ಸಿಗಲ್ಲ, ಸಿಗೋದು ಜಮೀನಿನ ಪತ್ರ ಮತ್ತೆ ಕೋರ್ಟು ಕಡತ ಮಾತ್ರ. ಪುಣ್ಯಕ್ಕೆ ಇವರಿದ್ದ ನಾರ್ಥಾಂಪ್ಟನ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟು ಕಡತ 1632ರಿಂದ ಕಡಿಯದೆ ಉಳಿದಿದೆ, ವರ್ಜೀನಿಯಾದ ಬೇರೆ ಎಷ್ಟೋ ಕೌಂಟಿಗಳ ಕಡತ ಅಂತರ್ಯುದ್ಧದಲ್ಲಿ ಸುಟ್ಟುಹೋಯ್ತು.

ಮೊದಲ ತೊಡಕು ಬಂದಿದ್ದು 1651ರ ದಾಖಲೇಲಿ. ಆಂಟನಿಗೆ 250 ಎಕರೆಗೆ 'ಪೇಟೆಂಟ್' ಸಿಕ್ತು ಅಂತ ಇದೆ. ಕನ್ನಡದಲ್ಲಿ ಪೇಟೆಂಟ್ ಅಂತಾನೇ ಬರೆದ್ರೆ ಓದೋರು ಏನೋ ಮಷೀನ್ ಕಂಡುಹಿಡಿದ ಅಂದ್ಕೋತಾರೆ. ಇದು ಸರ್ಕಾರ ಮೊದಲ ಸಲ ಜಮೀನು ಕೊಡೋ ಪತ್ರ, ನಮ್ಮ ಸಾಗುವಳಿ ಚೀಟಿ, ಹಕ್ಕುಪತ್ರ ಇದ್ದ ಹಾಗೆ, ನಾನು 'ಪಟ್ಟಾ' ಅಂತ ಹಾಕಿದೀನಿ. ಆದ್ರೆ ಆ 250 ಎಕರೆ ಬಂದಿದ್ದು 'ಹೆಡ್‌ರೈಟ್' ಲೆಕ್ಕದಲ್ಲಿ. ಖರ್ಚು ಕೊಟ್ಟು ಒಬ್ಬ ಮನುಷ್ಯನನ್ನ ವಸಾಹತಿಗೆ ಕರೆಸಿಕೊಂಡ್ರೆ ತಲೆಗೆ 50 ಎಕರೆ, ಇವನು ಐದು ಜನರ ಹೆಸರು ತೋರಿಸಿದ್ದ. ತಲೆಗಂದಾಯ ಅನ್ನೋ ಪದ ನಮ್ಮಲ್ಲಿ ಮೊದಲೇ ಇರೋದ್ರಿಂದ 'ತಲೆಹಕ್ಕು' ಅಂತ ಮಾಡ್ದೆ. ಕೇಳೋಕೆ ಒರಟಾಗಿದೆ, ಇರಲಿ ಅನ್ಸುತ್ತೆ. ಆ ಹಕ್ಕನ್ನ ಕೊಳ್ಳೋದು ಮಾರೋದು ನಡೀತಿತ್ತು, ಹಾಗಾಗಿ ಪಟ್ಟಾದಲ್ಲಿ ಹೆಸರಿದ್ದವರೆಲ್ಲ ಅವನ ಮನೇಲೇ ಇದ್ರು ಅಂತಾಗ್ಲಿ ನೆಂಟರು ಅಂತಾಗ್ಲಿ ತಿಳ್ಕೋಬಾರದು, ವಂಶ ಹುಡುಕೋರು ಎಡವೋ ಜಾಗ ಇದು.

ನೆಂಟಸ್ತಿಕೆ ಪದಗಳ ಪಾಡು ಇನ್ನೊಂದು. ಆ ಕಾಲದ ಇಂಗ್ಲಿಷಲ್ಲಿ ಕಸಿನ್ ಅಂದ್ರೆ ಅಣ್ಣನ ಮಗನೂ ಆಗಬಹುದು, ಸನ್ ಇನ್ ಲಾ ಅಂದ್ರೆ ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು, ಅಂದ್ರೆ ನಮ್ಮ ಮಲಮಗ. ನಾವು ಅಳಿಯ ಅಂತ ಬರೆದ್ವೋ, ಮಗಳ ಗಂಡನೋ ಅಕ್ಕನ ಮಗನೋ ಅಂತ ಹೊಸ ಗೊಂದಲ ಶುರು! ಆರ್ಫನ್ ಅಂದ್ರೆ ಅಪ್ಪ ಸತ್ತ ಮಗು, ಅಮ್ಮ ಮನೇಲಿ ಗಟ್ಟಿಮುಟ್ಟಾಗಿ ಇದ್ರೂ ಕೋರ್ಟಿಗೆ ಅದು ಆರ್ಫನ್ನೇ, ಯಾಕಂದ್ರೆ ಕೋರ್ಟಿನ ಚಿಂತೆ ಆಸ್ತಿದು. ನಮ್ಮ ಕಡೆ ತಬ್ಬಲಿ ಅಂದ ತಕ್ಷಣ ತಾಯಿ ಕಳ್ಕೊಂಡಿದ್ದು ಅಂತ ಮನಸ್ಸಿಗೆ ಬರೋದು, ಪೂರ್ತಿ ಉಲ್ಟಾ. ಇದಕ್ಕೆ 'ತಂದೆಯಿಲ್ಲದ' ಅಂತ ಬಿಡಿಸಿ ಬರೆಯೋದೇ ಸರಿ ಅಂತ ಬಿಟ್ಟೆ. ಹಾಗೇ ಡವರ್ ಅನ್ನೋದನ್ನ ದಯವಿಟ್ಟು ಯಾರೂ ವರದಕ್ಷಿಣೆ ಮಾಡಬೇಡಿ, ಅದು ಗಂಡನ ಜಮೀನಲ್ಲಿ ವಿಧವೆಗೆ ಬದುಕಿರೋವರೆಗೂ ಸಿಗೋ ಮೂರನೇ ಒಂದು ಪಾಲು.

1655ರ ಕೇಸು ಇನ್ನೂ ಕಷ್ಟ. ಜಾನ್ ಕೇಸರ್ ಅನ್ನೋ ಕರಿಯ ಆಳು, ನಾನು ಏಳೆಂಟು ವರ್ಷದ ಕರಾರಿನ ಮೇಲೆ ಬಂದವನು, ಅವಧಿ ಮುಗಿದಿದ್ರೂ ಆಂಟನಿ ಬಿಡ್ತಿಲ್ಲ ಅಂದ. ಆಂಟನಿ, ಹಾಗೇನಿಲ್ಲ ಇವನು ಜೀವ ಇರೋವರೆಗೂ ನನ್ನವನು ಅಂದ, ಕೋರ್ಟು ಆಂಟನಿ ಪರ ತೀರ್ಪು ಕೊಡ್ತು. ಇಲ್ಲಿ ಜೀತ ಅಂತ ಬರೆದ್ರೆ ಜಗಳದ ತಿರುಳೇ ಕೈ ತಪ್ಪುತ್ತೆ, ಯಾಕಂದ್ರೆ ನಮ್ಮ ಜೀತ ಸಾಲ ತೀರೋವರೆಗೆ ಅಂತ ಶುರುವಾಗಿ ಜೀವನಪೂರ್ತಿ ಎಳೆದದ್ದೇ ಹೆಚ್ಚು, ಇವರ ಜಗಳ ಇದ್ದಿದ್ದೇ ಅವಧಿ ಇದೆಯೋ ಇಲ್ವೋ ಅಂತ. ಸದ್ಯಕ್ಕೆ 'ಕರಾರಿನ ಆಳು', 'ಆಜೀವ ಆಳು' ಅಂತ ಇಟ್ಟಿದೀನಿ.

ಈಗ ನಿಜವಾದ ಪ್ರಶ್ನೆಗೆ ಬರ್ತೀನಿ. 1665ರ ಹೊತ್ತಿಗೆ ಆಂಟನಿ ಬಹುಪಾಲು ಜಮೀನು ಮಾರಿ, ಸ್ವಲ್ಪ ಮಗ ರಿಚರ್ಡ್‌ಗೆ ಬಿಟ್ಟು, ಮೇರಿಲ್ಯಾಂಡಿಗೆ ಹೋಗಿ ಗೇಣಿಗೆ 300 ಎಕರೆ ಹಿಡಿದ, ಅದಕ್ಕೆ ಟೋನೀಸ್ ವಿನ್‌ಯಾರ್ಡ್ ಅಂತ ಹೆಸರು. 1670ರಲ್ಲಿ ತೀರಿಕೊಂಡ. ಅದೇ ವರ್ಷ ಆಗಸ್ಟಲ್ಲಿ ವರ್ಜೀನಿಯಾದ ಜ್ಯೂರಿ, ಅವನು ನೀಗ್ರೋ, ಆ ಕಾರಣಕ್ಕೆ 'ಏಲಿಯನ್' (ಹೊರದೇಶದವನು), ಆದ್ದರಿಂದ ಮಗನಿಗೆ ಬಿಟ್ಟಿದ್ದ ಜಮೀನು 'ಎಸ್ಚೀಟ್', ಅಂದ್ರೆ ಸರ್ಕಾರಕ್ಕೆ ವಾಪಸ್ ಸೇರಬೇಕಾದ್ದು ಅಂತ ಹೇಳಿಬಿಡ್ತು. ಅದೇ ಸರ್ಕಾರ 1651ರಲ್ಲಿ ಪಟ್ಟಾ ಕೊಟ್ಟಿತ್ತು ಅನ್ನೋದನ್ನ ನೆನಪಿಡಿ.

ಎಸ್ಚೀಟ್‌ಗೆ ನನಗೆ ಸಿಕ್ಕಿದ್ದು ಮೂರು ಪದ. ಶಾಸನಗಳಲ್ಲಿ ಬರೋ 'ಅಪುತ್ರಿಕ' ಚೆಂದದ ಪದ, ವಾರಸುದಾರರಿಲ್ಲದೆ ಸತ್ತವನ ಸೊತ್ತು ಅರಸನಿಗೆ ಸೇರೋದು. ಆದ್ರೆ ಆಂಟನಿಗೆ ಗಂಡುಮಕ್ಕಳಿದ್ರು, ಮೊಮ್ಮಕ್ಕಳಿದ್ರು, ಅಪುತ್ರಿಕ ಅಂತ ಬರೆದ್ರೆ ವಂಶವೃಕ್ಷ ಬರೆಯೋಕೆ ಕೂತವನೇ ವಂಶ ಕಡಿದ ಹಾಗಾಗುತ್ತೆ. 'ಮುಟ್ಟುಗೋಲು' ಅಂದ್ರೆ ಏನೋ ತಪ್ಪು ಮಾಡಿದ್ದ, ಇಲ್ಲಾ ಬಾಕಿ ಉಳಿಸಿಕೊಂಡಿದ್ದ ಅನ್ನೋ ವಾಸನೆ. 'ರಾಜಗಾಮಿ' ಅರ್ಥಕ್ಕೆ ಹತ್ತಿರ, ಆದ್ರೆ ನನ್ನ ಹೆಂಡತಿಗೆ ಓದಿ ಹೇಳಿದ್ರೆ ಅದೇನು ರಾಗದ ಹೆಸರಾ ಅಂದ್ಲು.

ಏಲಿಯನ್ ಪದಕ್ಕೆ ನನ್ನ ಮನಸ್ಸು 'ಪರದೇಶಿ' ಕಡೆ ವಾಲ್ತಿದೆ. ಕಾನೂನಿನ ಅರ್ಥ ಬರುತ್ತೆ, ಜೊತೆಗೆ ಹಳ್ಳಿ ಮಾತಲ್ಲಿ ಪರದೇಶಿ ಅಂದ್ರೆ ದಿಕ್ಕುದೆಸೆ ಇಲ್ಲದವನು ಅಂತಾನೂ ಇದೆ. ನನ್ನ ಭಯ ಅದೇ, ಆ ಎರಡನೇ ಅರ್ಥ ಜ್ಯೂರಿ ಹೇಳದೇ ಇದ್ದದ್ದನ್ನ ನಾನು ಸೇರಿಸಿದ ಹಾಗೆ ಆಗುತ್ತಾ? ನಲವತ್ತು ವರ್ಷದ ಮೇಲೆ ಅಲ್ಲೇ ಉತ್ತು ಬಿತ್ತಿದವನಿಗೆ ದಿಕ್ಕಿಲ್ಲದವನು ಅನ್ನೋದು ಸುಳ್ಳು. 'ಅನ್ಯದೇಶೀಯ' ಅಂದ್ರೆ ತಪ್ಪಿಲ್ಲ, ಆದ್ರೆ ಸಪ್ಪೆ.

ಮೊಮ್ಮಗ ಜಾನ್ 1677ರಲ್ಲಿ ಮೇರಿಲ್ಯಾಂಡಲ್ಲಿ 44 ಎಕರೆ ಕೊಂಡು ಅದಕ್ಕೆ 'ಅಂಗೋಲಾ' ಅಂತ, ಆಫ್ರಿಕಾದ ಒಂದು ನಾಡಿನ ಹೆಸರಿಟ್ಟ. ಲೇಖನದಲ್ಲಿ ಜ್ಯೂರಿಯ ಮಾತು ಆದ ಮೇಲೆ ಈ ಸಾಲು ಬರುತ್ತೆ, ಹಾಗಾಗಿ ಏಲಿಯನ್‌ಗೆ ಹಾಕೋ ಪದ ಇದರ ಪಕ್ಕ ನಿಲ್ಲಬೇಕು.

ರೆವಿನ್ಯೂ ಕಡತ ಓದಿ ಅಭ್ಯಾಸ ಇರೋರು, ಹಳೇ ಮೈಸೂರಿನ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ಹಿರಿಯರು ಯಾರಾದ್ರೂ ಇದ್ರೆ ಹೇಳಿ, ಹಕ್ಕುದಾರರಿದ್ದೂ ಜಮೀನು ಸರ್ಕಾರಕ್ಕೆ ವಾಪಸ್ ಹೋದದ್ದಕ್ಕೆ ಶಿರಸ್ತೇದಾರರು ಏನಂತ ಬರೀತಿದ್ರು? ನಮ್ಮಜ್ಜ 'ಸರ್ಕಾರಿ ಆಗೋಯ್ತು' ಅಂತಿದ್ರು, ಕೊನೆಗೆ ಅದನ್ನೇ ಹಾಕ್ಲಾ?