ಕರೆಂಟ್ ಹೋಗಿ ಬಂದ್ಮೇಲೆ ಲಾಕ್ ಫೈಲ್ ಅಲ್ಲೇ ಉಳ್ಕೊಳ್ತದೆ, ಏನ್ ಮಾಡೋದು?

ಪ್ರಶ್ನೆ:
ಮಂಡ್ಯ ಹತ್ರ ನಮ್ಮೂರ ಹಾಲಿನ ಡೇರಿ ಕಂಪ್ಯೂಟರ್ ನಾನ್ ನೋಡ್ಕೊಳ್ತೀನಿ, ಲಿನಕ್ಸು. ಬೆಳಿಗ್ಗೆ ಸಂಜೆ ಜನ ಹಾಲು ಹಾಕ್ದಂಗೆ ಲೀಟ್ರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಘನ ಅಂಶ) ಎಲ್ಲ ಒಂದು ಫೈಲಿಗೆ ಬೀಳ್ತದೆ, ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನಾಗೇ ಕೆಲ್ಸ ಓಡ್ಸೋದು) 5 ನಿಮಿಷಕ್ಕೊಂದ್ಸಲ ಸ್ಕ್ರಿಪ್ಟ್ ಓಡಿ ಅದನ್ನ ಸರ್ವರ್‌ಗೆ ಕಳಿಸ್ತದೆ, ಸೆಕ್ರೆಟರಿ ಬಟನ್ ಒತ್ತಿದ್ರೂ ಅದೇ ಸ್ಕ್ರಿಪ್ಟ್ ಓಡ್ತದೆ. ಎರಡು ಒಟ್ಟಿಗೆ ಓಡ್ಬಾರ್ದು ಅಂತ ಮುಂಚೆ ಇದ್ದ ಹುಡುಗ, ಲಾಕ್ ಫೈಲ್ ಇದ್ಯಾ ನೋಡು, ಇಲ್ದಿದ್ರೆ ಟಚ್ ಮಾಡು (ಖಾಲಿ ಫೈಲ್ ಮಾಡೋ ಕಮಾಂಡ್), ಕೊನೇಲಿ ಅಳಿಸು ಅಂತ ಬರ್ದಿಟ್ಟವ್ನೆ. ಈಗ ಮಧ್ಯದಲ್ಲಿ ಕರೆಂಟ್ ಹೋದ್ರೆ ಫೈಲ್ ಹಂಗೇ ಉಳಿದು, ಕರೆಂಟ್ ಬಂದ್ಮೇಲೂ ಸ್ಕ್ರಿಪ್ಟ್ ಇನ್ನೊಂದು ಓಡ್ತಾ ಅದೆ ಅನ್ಕೊಂಡು ವಾಪಸ್ ಹೋಯ್ತದೆ, ಸಂಜೆವರ್ಗೂ ಒಂದು ಎಂಟ್ರೀನೂ ಹೋಗಿರಲ್ಲ. ಅಪರೂಪಕ್ಕೆ ಒಬ್ರದೇ ಹಾಲು ಎರಡು ಸಲ ಏರೋದೂ ಅದೆ. ಫೈಲಲ್ಲಿ ಪಿಐಡಿ (ಪ್ರೋಸೆಸ್ ನಂಬರ್, ಅಂದ್ರೆ ಓಡ್ತಿರೋ ಪ್ರೋಗ್ರಾಮ್‌ದು) ಬರ್ದು ಚೆಕ್ ಮಾಡಿದ್ರೆ ಸಾಕಾ? ಜನದ ದುಡ್ಡು ಕಣ್ರಣ್ಣ, ಒಂದು ಲೀಟ್ರೂ ಹೆಚ್ಚುಕಮ್ಮಿ ಆಗ್ಬಾರ್ದು.

ಉತ್ತರ 1:
ಡಬಲ್ ಆಗೋದಕ್ಕೆ ಒಂದು ಕಾರಣ, ಫೈಲ್ ಇದ್ಯಾ ಅಂತ ನೋಡೋದಕ್ಕೂ ಟಚ್ ಮಾಡೋದಕ್ಕೂ ನಡುವೆ ಇರೋ ಸಂದು. ಕ್ರಾನ್ ನೋಡಿದಾಗ ಫೈಲ್ ಇಲ್ಲ, ಅದು ಟಚ್ ಮಾಡೋಷ್ಟ್ರಲ್ಲಿ ಬಟನ್ ಕಡೆಯದೂ ನೋಡ್ತು, ಇಲ್ಲ, ಎರಡೂ ಒಳಗೆ ಬಂದ್ವು. ಟಚ್‌ಗೆ ಫೈಲ್ ಮೊದ್ಲೇ ಇದ್ರೂ ಎರರ್ ಬರಲ್ಲ. ಫೋಲ್ಡರ್ ಮಾಡೋ ಎಂಕೆಡಿಐಆರ್ ಕಮಾಂಡ್‌ನಲ್ಲಿ ನೋಡೋದೂ ಮಾಡೋದೂ ಒಂದೇ ಏಟಿಗೆ ಆಗುತ್ತೆ, ಒಬ್ರಿಗೆ ಮಾತ್ರ ಸಿಗುತ್ತೆ, ಆದ್ರೆ ಕರೆಂಟ್ ಹೋದ್ರೆ ಆ ಫೋಲ್ಡರೂ ಉಳಿಯುತ್ತೆ. ಪಿಐಡಿ ನಂಬ್ಕೋಬೇಡಿ, ರೀಬೂಟ್ ಆದ್ಮೇಲೆ ನಂಬರ್ ಮತ್ತೆ ಮೊದ್ಲಿಂದ ಶುರು, ನಿಮ್ಮ ಹಳೇ ನಂಬರ್ ಇನ್ಯಾವ್ದೋ ಪ್ರೋಗ್ರಾಮ್‌ಗೆ ಹೋಗಿರ್ಬೋದು.
ಫ್ಲಾಕ್ ಬಳ್ಸಿ, ಲಾಕ್ ಹಾಕೋ ಲಿನಕ್ಸ್ ಕಮಾಂಡ್ ಅದು. ಅದ್ರಲ್ಲಿ ಫೈಲ್ ಇದ್ಯಾ ಇಲ್ವಾ ಅನ್ನೋದು ಲೆಕ್ಕಕ್ಕೇ ಇಲ್ಲ, ಲಾಕ್ ಇರೋದು ಕರ್ನಲ್ (ಲಿನಕ್ಸ್‌ನ ಒಳಗಿನ ತಿರುಳು) ಹತ್ರ. ಪ್ರೋಸೆಸ್ ಸತ್ತ್ರೆ, ಕಿಲ್ ಮಾಡಿದ್ರೆ, ಮಿಷನ್ನೇ ಆಫ್ ಆದ್ರೆ ಲಾಕ್ ತಾನಾಗೇ ಬಿಡುತ್ತೆ. ಕ್ರಾನ್ ಸಾಲಲ್ಲಿ ಸ್ಕ್ರಿಪ್ಟ್‌ಗೆ ಮುಂಚೆ ಫ್ಲಾಕ್ ಮೈನಸ್ ಎನ್ ಹಾಕಿ ಲಾಕ್ ಫೈಲ್ ಹೆಸ್ರು ಕೊಡಿ, ಲಾಕ್ ಸಿಗ್ಲಿಲ್ಲ ಅಂದ್ರೆ ತಕ್ಷಣ 1 ಅಂತ ಎಕ್ಸಿಟ್ ಕೋಡ್ ಕೊಟ್ಟು ವಾಪಸ್ ಬರುತ್ತೆ. ಬಟನ್‌ಗೆ ಮೈನಸ್ ಡಬ್ಲ್ಯೂ 30 ಕೊಡಿ, 30 ಸೆಕೆಂಡ್ ಕಾಯುತ್ತೆ. ಎರಡಕ್ಕೂ ಲಾಕ್ ಫೈಲ್ ಒಂದೇ ಇರ್ಬೇಕು.

ಉತ್ತರ 2:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಹಳೇ ಸ್ಕ್ರಿಪ್ಟ್‌ನ ಆ ಅಳಿಸೋ ಸಾಲು ತೆಗೀಲೇಬೇಕು, ದಯವಿಟ್ಟು. ಮೊದಲ್ನೇದು ಲಾಕ್ ಹಿಡ್ದಿದೆ, ಎರಡ್ನೇದು ಅದೇ ಫೈಲ್ ಓಪನ್ ಮಾಡ್ಕೊಂಡು ಕಾಯ್ತಿದೆ ಅನ್ಕೊಳ್ಳಿ. ಮೊದಲ್ನೇದು ಫೈಲ್ ಅಳ್ಸಿ ಹೊರಗೆ ಹೋಯ್ತು, ಎರಡ್ನೇದಕ್ಕೆ ಲಾಕ್ ಸಿಕ್ತು, ಆದ್ರೆ ಹೆಸ್ರೇ ಇಲ್ದಿರೋ ಹಳೇ ಐನೋಡ್ (ಡಿಸ್ಕಲ್ಲಿ ಫೈಲ್‌ನ ಅಸಲಿ ದಾಖಲೆ) ಮೇಲೆ. ಆಗ ಮೂರ್ನೇದು ಬಂದು ಅದೇ ಹೆಸ್ರಲ್ಲಿ ಹೊಸ ಫೈಲ್ ಮಾಡಿ ಅದ್ರ ಮೇಲೆ ಲಾಕ್ ತಗೊಳ್ಳುತ್ತೆ. ಎರಡೂ ಒಳಗಿವೆ, ಎರಡಕ್ಕೂ ಲಾಕ್ ನಂದೇ ಅಂತ ಖಾತ್ರಿ. ಖಾಲಿ ಫೈಲ್, ಬಿದ್ದಿರ್ಲಿ ಬಿಡಿ.

ಪ್ರಶ್ನೆ ಕೇಳಿದವರು:
ಎಂಟ್ರಿ ಮಾಡೋ ಸಾಫ್ಟ್‌ವೇರ್ ಬೇರೆ, ಅದು ಬರೀತಿರೋವಾಗ್ಲೇ ನಮ್ ಸ್ಕ್ರಿಪ್ಟ್ ಓದಿದ್ರೆ ಅರ್ಧ ಸಾಲು ಬತ್ತದೆ, ಅದಕ್ಕೂ ಈ ಫ್ಲಾಕೇ ಸಾಕಾ ಅಣ್ಣ?

ಉತ್ತರ 3:
ಸಾಲ್ದು ಕಣಪ್ಪ. ಇದು ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡ್ದಂಗೆ, ಟವಲ್‌ಗೆ ಮರ್ಯಾದೆ ಕೊಡೋರು ಮಾತ್ರ ಕೂರಲ್ಲ. ಆ ಸಾಫ್ಟ್‌ವೇರೂ ಅದೇ ಲಾಕ್ ಕೇಳ್ದಿದ್ರೆ ಅದು ಪಾಡಿಗೆ ಅದು ಬರ್ಕೊಂಡು ಹೋಯ್ತದೆ, ಕರ್ನಲ್ ತಡೆಯಲ್ಲ. ಬಲವಂತದ ಲಾಕ್ ಅಂತ ಲಿನಕ್ಸಲ್ಲಿ ಒಂದು ಕಾಲದಲ್ಲಿ ಇತ್ತು, ನೆಚ್ಕೊಳ್ಳೋ ಹಂಗಿರ್ಲಿಲ್ಲ, 5.15 ಕರ್ನಲ್‌ನಲ್ಲಿ ತೆಗೆದೇ ಬಿಟ್ರು. ಸಾಫ್ಟ್‌ವೇರ್ ಬದ್ಲಾಯ್ಸೋಕೆ ಆಗ್ದಿದ್ರೆ, ಕೊನೇ ಸಾಲು ಪೂರ್ತಿ ಆಗಿಲ್ಲ ಅಂದ್ರೆ ಅದನ್ನ ಮುಂದಿನ ಸರದಿಗೆ ಬಿಡೋ ಹಂಗೆ ಸ್ಕ್ರಿಪ್ಟ್ ತಿದ್ದಿ.
ಸ್ಕ್ರಿಪ್ಟ್ ಒಳಗಿಂದ ಬ್ಯಾಕ್‌ಗ್ರೌಂಡಲ್ಲಿ ಏನಾದ್ರೂ ಓಡ್ಸಿದ್ರೆ ಅದೂ ನೋಡಿ, ಮಗು ಪ್ರೋಸೆಸ್‌ಗೂ ಆ ಲಾಕ್ ಹೋಗಿರ್ತದೆ, ಅದು ಮುಗಿಯೋವರ್ಗೂ ಬಿಡಲ್ಲ. ಯಾರು ಹಿಡ್ಕೊಂಡವ್ರೆ ಅನ್ನೋದು ಎಲ್‌ಎಸ್‌ಲಾಕ್ಸ್ ಕಮಾಂಡ್ ಹೊಡುದ್ರೆ ಕಾಣ್ತದೆ.
ಇನ್ನೊಂದು ಮುಖ್ಯ. ಸರ್ವರ್‌ಗೆ ಎಂಟ್ರಿ ಮುಟ್ಟಿ, ಮುಟ್ತು ಅಂತ ಇಲ್ಲಿ ಬರ್ಕೊಳ್ಳೋದ್ರೊಳಗೆ ಕರೆಂಟ್ ಹೋದ್ರೆ ಯಾವ ಲಾಕೂ ಕಾಪಾಡಲ್ಲ, ಮುಂದಿನ ಸಲ ಅದೇ ಎಂಟ್ರಿ ಮತ್ತೆ ಹೋಯ್ತದೆ. ಪ್ರತಿ ಎಂಟ್ರಿಗೂ ಸದಸ್ಯರ ನಂಬರ್, ತಾರೀಖು, ಬೆಳಿಗ್ಗೆನಾ ಸಂಜೆನಾ, ಸರದಿ ನಂಬರ್ ಸೇರ್ಸಿ ಒಂದು ಗುರುತು ಕೊಟ್ಟು, ಅದೇ ಗುರುತು ಎರಡ್ನೇ ಸಲ ಬಂದ್ರೆ ತಗೋಬೇಡಿ ಅಂತ ಸರ್ವರ್ ಕಡೆಯೋರಿಗೆ ಹೇಳಿ.