ಸಹಾಯ ಬೇಕು: ಟಿಕ್ ಫೀವರ್ (ಉಣ್ಣೆ ಕಚ್ಚಿ ಬರೋ ಜ್ವರ) ಆಗಿರೋ ಲ್ಯಾಬ್ರಡಾರ್ ನಾಯಿಗೆ ರಕ್ತ ಕೊಡಬಲ್ಲ ನಾಯಿ, ಹೆಬ್ಬಾಳ ಸುತ್ತಮುತ್ತ

ಎರ್ಲಿಕಿಯಾ (ಟಿಕ್ ಫೀವರ್ ತರೋ ರೋಗಾಣು) ಪಾಸಿಟಿವ್. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ) ಶೇ. 13ಕ್ಕೆ ಇಳಿದಿದೆ, ಪ್ಲೇಟ್‌ಲೆಟ್ 20,000. ಒಸಡು ಬಿಳುಚಿಕೊಂಡಿದೆ, ಹೊಟ್ಟೆ ಮೇಲೆ ಕೆಂಪು ಚುಕ್ಕೆ. ಡಾಕ್ಸಿಸೈಕ್ಲಿನ್ ಶುರುವಾಗಿದೆ, ಆದರೆ ಅದು ರೋಗಾಣುವಿಗೆ ಮದ್ದು, ಹೋದ ರಕ್ತವನ್ನು ತುಂಬಿಕೊಡಲ್ಲ.

ನಿಮ್ಮ ನಾಯಿಗೆ 1ರಿಂದ 8 ವರ್ಷ, 25 ಕೆಜಿ ಮೇಲೆ ತೂಕ, ಲಸಿಕೆ ಪೂರ್ತಿ ಆಗಿರಬೇಕು. ಹಿಂದೆ ಟಿಕ್ ಫೀವರ್ ಬಂದಿದ್ದರೆ ದಯವಿಟ್ಟು ಬೇಡ, ಈಗ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ರೋಗಾಣು ಒಳಗೇ ಉಳಿದಿರಬಹುದು. ಬೇರೆ ನಾಯಿಯ ರಕ್ತ ಪಡೆದಿದ್ದೂ ಬೇಡ. ತಳಿ ಯಾವುದಾದರೂ ಸರಿ, ಬೀದಿಯಿಂದ ತಂದು ಸಾಕಿದ್ದೂ ನಡೆಯುತ್ತೆ.

ಮೊದಲು ಸ್ವಲ್ಪ ರಕ್ತ ತೆಗೆದು ಕ್ರಾಸ್‌ಮ್ಯಾಚ್ ಮಾಡ್ತಾರೆ, ಅಂದ್ರೆ ಎರಡೂ ನಾಯಿಗಳ ರಕ್ತ ಹೊಂದುತ್ತಾ ಅಂತ ನೋಡ್ತಾರೆ. ಹೊಂದಿದರೆ ಕತ್ತಿನ ರಕ್ತನಾಳದಿಂದ ಸುಮಾರು 450 ಎಂಎಲ್. ಸೂಜಿ ಹಾಕೋ ಜಾಗದಲ್ಲಿ ಕೂದಲು ಬೋಳಿಸ್ತಾರೆ, ಗಾಬರಿಯಾಗಬೇಡಿ. ಬರೋ ಮುಂಚೆ ಊಟ ಹಾಕಬೇಡಿ, ನೀರು ಕೊಡಿ. ಗಾಡಿ, ಟೆಸ್ಟ್ ಖರ್ಚು ನಮ್ಮದು. ಇನ್‌ಬಾಕ್ಸ್ ಮಾಡಿ.