ಇಳಕಲ್ ಸೀರೆ ಅಂಗಡಿಯ ವೆಬ್‌ಸೈಟ್ ಗೂಗಲ್‌ನಲ್ಲಿ ಸಿಗುತ್ತಿಲ್ಲ, ಏನು ಮಾಡಲಿ?

ನಮ್ಮದು ಇಳಕಲ್ ಸೀರೆಯ ಚಿಕ್ಕ ಅಂಗಡಿ. ವೆಬ್‌ಸೈಟ್ ಮಾಡಿಸಿ 8 ತಿಂಗಳಾಯಿತು. ಅಂಗಡಿ ಹೆಸರು ಹೊಡೆದರೆ ಬರುತ್ತದೆ, ‘ಇಳಕಲ್ ಸೀರೆ’ ಅಂತ ಹುಡುಕಿದರೆ ಎಲ್ಲೂ ಇಲ್ಲ. ಮೊದಲ ಸ್ಥಾನಕ್ಕೆ ತರುವ ಗ್ಯಾರಂಟಿ ಕೊಟ್ಟು ಒಬ್ಬರು ತಿಂಗಳಿಗೆ 15,000 ಕೇಳುತ್ತಿದ್ದಾರೆ. ಕೊಡಲೋ ಬೇಡವೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿಯಿಂದ

ಅಕ್ಕಾ, ದುಡ್ಡು ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಆಗುವುದಿಲ್ಲ ಅಂತ ಗೂಗಲ್ಲೇ ಹೇಳಿದೆ.

ನಾವು ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇವೆ. ನಮ್ಮದೂ ಇದೇ ಗೋಳಾಗಿತ್ತು. ಲೇಬಲ್‌ಗೆ ಅಂತ ಪ್ರೆಸ್‌ನಲ್ಲಿ ಟೈಪ್ ಮಾಡಿದ್ದನ್ನೇ ಸೈಟಿಗೆ ಹಾಕಿ, ಆ ಹಳೆಯ ಫಾಂಟನ್ನೂ ಜೋಡಿಸಿದ್ದರು. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡ ಅಂತ ಗುರುತಿಸುವ ಅಕ್ಷರ ಸಂಕೇತವಲ್ಲ. ನಮ್ಮ ಕಣ್ಣಿಗೆ ಚೆಂದದ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಎರಡು ವರ್ಷ ಹೀಗೇ ಹೋಯಿತು. ನೀವು ಇವತ್ತೇ ಪರೀಕ್ಷೆ ಮಾಡಿ. ಸೈಟಿನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವಾಗಿಯೇ ಬಂದರೆ ಸರಿ. ಕಾಪಿಯೇ ಆಗದಿದ್ದರೆ ಅದು ಬರಹವಲ್ಲ, ಚಿತ್ರ ಇರಬಹುದು.

ಆಮೇಲೆ ಪುಟದಲ್ಲಿ ಬಳಸುವ ಮಾತು. ನಾವು ‘ಪರಂಪರೆಯ ಅಪೂರ್ವ ಸ್ವಾದ’ ಅಂತ ಬರೆದಿದ್ದೆವು. ಹಾಗಂತ ಯಾರು ಹುಡುಕುತ್ತಾರೆ ಹೇಳಿ? ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ. ನಮ್ಮ ಸೈಟು ಯಾವ ಯಾವ ಹುಡುಕಾಟದಲ್ಲಿ ಕಾಣಿಸಿತು ಅನ್ನುವುದನ್ನು ಅದು ತೋರಿಸುತ್ತದೆ. ನೋಡಿದರೆ, ‘ಮಿಡಿ ಉಪ್ಪಿನಕಾಯಿ ಎಷ್ಟು ದಿನ ಇಡಬಹುದು’! ಫೋನಿನಲ್ಲಿ ಗಿರಾಕಿಗಳು ದಿನಾ ಕೇಳುವುದೂ ಇದನ್ನೇ ಅಲ್ವಾ? ಅಮ್ಮ ಹೇಳಿದ ಹಾಗೇ ಉತ್ತರ ಬರೆದು ಒಂದು ಪುಟ ಮಾಡಿದೆ. ನಾಲ್ಕು ತಿಂಗಳು ಹಿಡಿಯಿತು, ಆದರೆ ಈಗ ಹೊಸ ಆರ್ಡರ್ ಜಾಸ್ತಿ ಬರುವುದು ಆ ಪುಟದಿಂದಲೇ.

ನಿಮ್ಮ ಹತ್ತಿರ ಹೇಳಲು ಎಷ್ಟೊಂದಿದೆ! ಮೈಯನ್ನೂ ಸೆರಗನ್ನೂ ಕೂಡಿಸುವ ಕೊಂಡಿ, ತೆನಿ ವಿನ್ಯಾಸದ ಸೆರಗು, ಅಂಚಿಗೆ ಗೋಮಿ ದಡಿ, ಚಿಕ್ಕಿ ದಡಿ. ಮೈ ಹತ್ತಿಯದೋ ರೇಷ್ಮೆಯದೋ, ಮೊದಲ ಸಲ ಹೇಗೆ ತೊಳೆಯಬೇಕು, ಕೈಮಗ್ಗದ್ದು ಅಂತ ಗುರುತಿಸುವುದು ಹೇಗೆ? ಒಂದೊಂದಕ್ಕೂ ಒಂದು ಪುಟ ಮಾಡಿ. ಮಹಾರಾಷ್ಟ್ರದವರು ‘ಇರಕಲ್’ ಅನ್ನುತ್ತಾರೆ, ಆ ಹೆಸರೂ ಇರಲಿ. ಇಂಗ್ಲಿಷಿನಲ್ಲೂ ಬರೆಯಿರಿ. ಸುಮ್ನೆ ಒಂದೇ ಪದವನ್ನು ಇಪ್ಪತ್ತು ಸಲ ತುರುಕಬೇಡಿ, ಅದರಿಂದ ಕೆಡುಕೇ.

ಸಕಲೇಶಪುರದಿಂದ

ನಮ್ಮ ಹೋಮ್‌ಸ್ಟೇಗೆ ಸೈಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್‌ನಲ್ಲೂ ನಮ್ಮ ವ್ಯಾಪಾರದ ವಿವರ ತೋರಿಸುವ ಪುಟ. ಅದಕ್ಕೂ ದುಡ್ಡಿಲ್ಲ. ಮ್ಯಾಪ್‌ನಲ್ಲಿ ಗುರುತು ಸರಿಯಾದ ಜಾಗದಲ್ಲಿದೆಯಾ ನೋಡಿ. ನಮ್ಮದು ಪಕ್ಕದ ಎಸ್ಟೇಟಿನ ಗೇಟಿಗೆ ಬಿದ್ದಿತ್ತು, ಮಳೆಯಲ್ಲಿ ಜನ ಅಲೆದರು. ಸೀರೆ ಕೊಂಡವರ ಹತ್ತಿರ ರಿವ್ಯೂ ಕೇಳಲು ಸಂಕೋಚ ಬೇಡ. ದುಡ್ಡು ಕೊಟ್ಟು ಮಾತ್ರ ಬರೆಸಬೇಡಿ.

ಬೆಂಗಳೂರಿನಿಂದ

ಸೈಟ್ ಮಾಡುವುದೇ ನನ್ನ ಕೆಲಸ. ಗೂಗಲ್‌ನಲ್ಲಿ ‘ಸೈಟ್’ ಪದವನ್ನು ಇಂಗ್ಲಿಷಿನಲ್ಲಿ (site) ಬರೆದು, ಎರಡು ಚುಕ್ಕಿಯ ಚಿಹ್ನೆ (:) ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಹೊಡೆಯಿರಿ. ಗೂಗಲ್‌ಗೆ ಗೊತ್ತಿರುವ ಪುಟಗಳು ಅಲ್ಲಿ ಕಾಣುತ್ತವೆ. ಮುಖಪುಟ ಒಂದೇ ಬಂದರೆ ಸೀರೆಯ ಪುಟಗಳು ಅದಕ್ಕೆ ಸಿಕ್ಕೇ ಇಲ್ಲದಿರಬಹುದು. ಸೈಟನ್ನು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಕಟ್ಟಿದ್ದರೆ, ಸರ್ಚ್ ಎಂಜಿನ್ ಬರದಂತೆ ತಡೆಯುವ ಟಿಕ್ ಸೆಟ್ಟಿಂಗ್ಸ್‌ನಲ್ಲಿ ಉಳಿದಿದೆಯಾ ನೋಡಿ. ಕಟ್ಟುವಾಗ ಹಾಕಿ ತೆಗೆಯಲು ಮರೆಯುವವರಿದ್ದಾರೆ. ಎಲ್ಲ ಪುಟದ ಶೀರ್ಷಿಕೆಯೂ ‘ಹೋಮ್’ ಅಂತಿದ್ದರೆ ಬದಲಿಸಿ. ಫೋನಿನ 5 ಎಂಬಿ ಫೋಟೋ ಹಾಗೇ ಹಾಕಬೇಡಿ, 200 ಕೆಬಿಗೆ ಇಳಿಸಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ನೋಡಿದೆ, ಒಂದು ಸಾಲೂ ಕಾಪಿ ಆಗುತ್ತಿಲ್ಲ. ಕರಪತ್ರವನ್ನೇ ಚಿತ್ರ ಮಾಡಿ ಹಾಕಿಬಿಟ್ಟಿದ್ದಾರೆ! 15,000ದವರಿಗೆ ಬೇಡ ಅಂತ ಹೇಳಿದೆ. ಕೊಂಡಿ ಹಾಕುವುದರಲ್ಲಿ ನಮ್ಮ ಅತ್ತೆಯದು ಪಳಗಿದ ಕೈ. ನಾಳೆ ಅವರ ಪಕ್ಕ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ.